ಹತ್ತನೇ ಪುಟದ ಪತ್ತೇದಾರ

ಕೊಲೆಗಾರರ ಮನಸ್ಸನ್ನು ಅರೆದು ಕುಡಿದವರೆಂದು ಪಾಂಡುರಂಗಯ್ಯನವರಿಗೆ ಪಾರ್ಕಿನ ಗೆಳೆಯರಲ್ಲಿ ದೊಡ್ಡ ಹೆಸರು. ಎಂಥ ಭೀಕರ ಕಾದಂಬರಿಯಾದರೂ ಹತ್ತನೇ ಪುಟಕ್ಕೇ ಕೊಲೆಗಾರನನ್ನು ಹಿಡಿದುಬಿಡುತ್ತಿದ್ದರು. ಮುಂದೆ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಲೈಬ್ರರಿ ಪುಸ್ತಕಗಳ ಹತ್ತನೇ ಪುಟದ ಮೂಲೆಯಲ್ಲಿ ಯಾರೋ ಪುಣ್ಯಾತ್ಮ ಕೊಲೆಗಾರನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದ ಗುಟ್ಟು ಅವರೊಬ್ಬರಿಗೇ ಗೊತ್ತಿತ್ತು.

ಪುಸ್ತಕ ತಂದುಕೊಡುವ ಕೆಲಸ ಹೆಂಡತಿ ವಿಮಲಮ್ಮನದು. "ನೀನು ಓದೋಕೆ ಹೋಗ್ಬೇಡ ಕಣೇ, ಇದಕ್ಕೆಲ್ಲ ತಲೆ ಬೇಕು" ಎನ್ನುತ್ತಿದ್ದರು ಪಾಂಡುರಂಗಯ್ಯ.

ಆ ಭಾನುವಾರ ಗೆಳೆಯರೆಲ್ಲ ಮನೆಗೆ ಬಂದಿದ್ದರು. ಏಳು ಹೆಂಗಸರ ಕತ್ತು ಹಿಸುಕಿದ ಕಥೆಯ ಪುಸ್ತಕವೊಂದನ್ನು ಎತ್ತಿ ಹಿಡಿದು ಪಾಂಡುರಂಗಯ್ಯ ಮೀಸೆ ತಿರುವಿದರು.

"ಕೊಂದವನು ಡಾಕ್ಟರೇ. ಅವನ ಕಣ್ಣಿನ ವರ್ಣನೆ ಓದಿದ ತಕ್ಷಣ ನನಗೆ ಹೊಳೀತು."

ಆ ಪುಸ್ತಕ ಓದಿ ಮುಗಿಸಿದ್ದ ಗೆಳೆಯರೊಬ್ಬರು ಹುಬ್ಬೇರಿಸಿದರು. "ಡಾಕ್ಟರು ಮೂರನೇ ಅಧ್ಯಾಯದಲ್ಲೇ ಸತ್ತುಹೋಗ್ತಾನಲ್ಲಪ್ಪಾ! ಉಳಿದ ನಾಲ್ವರನ್ನ ಅವನ ದೆವ್ವ ಬಂದು ಕೊಂದಿತಾ?"

ಎಲ್ಲರೂ ಗೊಳ್ಳೆಂದು ನಕ್ಕರು. ವಿಮಲಮ್ಮ ಕಾಫಿ ಲೋಟಗಳನ್ನು ಒಂದೊಂದಾಗಿ ಕೈಗಿಡುತ್ತ ಹೇಳಿದರು:

"ಪಾಪ, ಅವರದೇನೂ ತಪ್ಪಿಲ್ಲ. ಹತ್ತನೇ ಪುಟದಲ್ಲಿ ಪ್ರತಿ ಸಲ ಸರಿಯಾದ ಹೆಸರೇ ಬರೆದು ಬರೆದು ನನಗೇ ಬೇಜಾರಾಗಿತ್ತು."