ಬಿಸಿಲಿಗಿಟ್ಟ ಡಿಸ್ಕುಗಳು

ಕಾರ್ಖಾನೆಯಲ್ಲಿ ಅನಿಲ ಸೋರಿ ಸತ್ತವರ ವಿಚಾರಣೆಯ ಕಡತಗಳನ್ನೆಲ್ಲ ಡಿಸ್ಕಿಗೆ ಏರಿಸಿ, ಕಾಗದಗಳನ್ನು ನಾಶ ಮಾಡಬೇಕೆಂದು ಆದೇಶ ಬಂದಿತ್ತು. ಯಾವ ಡಿಸ್ಕು ಬಹುಕಾಲ ಬಾಳುತ್ತದೆಂದು ಪರೀಕ್ಷಿಸುವ ಕೆಲಸ ರೆಕಾರ್ಡ್ ರೂಮಿನ ವಾರಿಜಾಳ ಪಾಲಿಗೆ ಬಿತ್ತು. ಅವಳು ಮೂರು ಕಂಪನಿಗಳ ಡಿಸ್ಕುಗಳನ್ನು ಕಚೇರಿಯ ತಾರಸಿಯ ಮೇಲೆ ಹಪ್ಪಳದಂತೆ ಹರಡಿ ಬಿಸಿಲಿಗಿಟ್ಟಳು. ಪ್ರತಿ ಶನಿವಾರ ಕಂಪ್ಯೂಟರಿಗೆ ಹಾಕಿ ನೋಡಿದಳು. ಎರಡು ತಿಂಗಳಾದರೂ ಮೊದಲೆರಡಕ್ಕೆ ಏನೂ ಆಗಲಿಲ್ಲ. ಮೂರನೆಯದು ಐದೇ ವಾರಕ್ಕೆ ಕಣ್ಣು ಮುಚ್ಚಿತು.

ವರದಿ ಕೊಟ್ಟ ಮರುದಿನವೇ ಸಾಹೇಬರು ಇನ್ನೂರು ಡಿಸ್ಕು ತರಿಸಲು ಸಹಿ ಹಾಕಿದರು. ಎಲ್ಲವೂ ಆ ಮೂರನೆಯ ಕಂಪನಿಯವೇ!

ವಾರಿಜಾ ಅವರ ಕೋಣೆಗೆ ನುಗ್ಗಿದಳು. ಮೇಜಿನ ಮೇಲೆ ಅವಳ ವರದಿ ಬಿದ್ದಿತ್ತು. ಅದರ ತುಂಬ ಅವರು ತಿಂದು ಉಗುಳಿದ ಕಿತ್ತಳೆ ಬೀಜಗಳು.

"ಸಾರ್, ಒಂದ್ಸಲ ಓದಿದ್ರೆ ಗೊತ್ತಾಗ್ತಿತ್ತು. ಇದು ಬೀರುವಿನಲ್ಲಿಟ್ರೂ ನಾಲ್ಕಾರು ವರ್ಷ ಬಾಳಲ್ಲ. ಗಂಡನ್ನ ಕಳ್ಕೊಂಡ ಹೆಂಗಸ್ರು ಅಳ್ತಾ ಕೊಟ್ಟ ಹೇಳಿಕೆ ಸಾರ್ ಅವು. ನಾನೇ ಕೂತು ಬರ್ಕೊಂಡಿದ್ದು."

ಸಾಹೇಬರು ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡು, ಬೀಜಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಐದು ವಾರ ಎಂದು ಅವಳು ಬರೆದಿದ್ದ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆಯಿತ್ತು.

"ಎರಡು ಸಲ ಓದಿದೀನಮ್ಮ. ಯಾವುದು ಬೇಗ ಅಳಿಸಿಹೋಗತ್ತೆ ಅಂತ ನೀವು ಹೇಳ್ದೆ ನಮಗೆ ಹೇಗೆ ಗೊತ್ತಾಗ್ಬೇಕು?"