ಮೀಟರ್ ಪೆಟ್ಟಿಗೆಯ ಬೀಗ

ಅರವತ್ತೆಂಟನೆಯ ನಿಮಿಷ. ಬ್ರಾಂಟನ್ ಒಂದು ಗೋಲು ಹಿಂದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಶ್ರೀಪಾದ ಕಪ್ಪಾದ ಕಂಪ್ಯೂಟರಿನ ಮುಂದೆ ಹಲ್ಲು ಕಚ್ಚಿ ಕೂತ. ಎದುರಿನ ಬ್ಲಾಕಿನಲ್ಲಿ ದೀಪಗಳು ಉರಿಯುತ್ತಿದ್ದವು. ಕೆಳಗಿನ ಮನೆಯ ಟಿವಿ ತೆಲುಗು ವಾರ್ತೆ ಓದುತ್ತಿತ್ತು. ಇಬ್ರಾಹಿಂಪಟ್ನಂನ ಇಡೀ ಕಾಲನಿಯಲ್ಲಿ ಕರೆಂಟ್ ಹೋಗಿದ್ದು ಇವನೊಬ್ಬನ ಮನೆಗೆ. ಅದೂ ಊರೂರಿಗೆ ಕರೆಂಟ್ ಮಾಡಿ ಕಳಿಸುವ ಎಂಜಿನಿಯರನ ಮನೆಗೆ.

"ಆ ಕೆಳಗಿನ ಮನಿ ರಾಮಮೋಹನ್ ಅದಾನಲ್ಲ, ಅವನದ ಕೆಲಸ ಇದು," ಎಂದ.

ಹೆಂಡತಿ ವೇದವತಿ ಹಿಂದಿನ ಬಾಲ್ಕನಿಯ ಕಂಬಿಗೆ ಹಸಿರು ಟವೆಲ್ ಹಾಕಿ ಆಗಷ್ಟೇ ಒಳಗೆ ಬಂದಿದ್ದಳು. "ಫ್ಯೂಸ್ ಸಡ್ಲ ಆಗಿರಬೇಕ್ರೀ. ಹತ್ತು ನಿಮಿಷಕ್ಕ ಬರ್ತದ ಬಿಡ್ರಿ."

ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಅರ್ಧಕ್ಕೆ ನಿಂತ ಪಂದ್ಯ ಬರಲಿಲ್ಲ. ಮೊದಲಿನಿಂದ ಆಡಬೇಕಾಯಿತು. ಈ ಸಲ ಬ್ರಾಂಟನ್ ಎರಡು ಗೋಲುಗಳಿಂದ ಗೆದ್ದಿತು. ಹಿಂದಿನದನ್ನೂ ತಾನು ಗೆಲ್ಲುತ್ತಿದ್ದೆ ಎಂಬುದರಲ್ಲಿ ಶ್ರೀಪಾದನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಅಂಥ ಅನುಮಾನಗಳು ಅವನ ಕಡೆ ಸುಳಿಯುತ್ತಿರಲಿಲ್ಲ.

ಕಂಪ್ಯೂಟರನ್ನೂ ಆಟದ ಫ್ಲಾಪಿಗಳನ್ನೂ ಅವನು ವಿಶಾಖಪಟ್ಣದಲ್ಲಿದ್ದಾಗ ಒಬ್ಬ ಹಡಗಿನ ಅಧಿಕಾರಿಯಿಂದ ಕೊಂಡಿದ್ದ. ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಬ್ರಾಂಟನ್ ಎಂಬ ಬಡ ಫುಟ್ಬಾಲ್ ಕ್ಲಬ್ಬಿಗೆ ನೀವೇ ಮ್ಯಾನೇಜರ್. ಹನ್ನೊಂದು ಜನರನ್ನು ಆರಿಸಬೇಕು, ಬೇಡದವರನ್ನು ಮಾರಬೇಕು. ಆಮೇಲೆ ಪಂದ್ಯ ಪರದೆಯ ಮೇಲೆ ಸಾಲು ಸಾಲು ಅಕ್ಷರಗಳಲ್ಲಿ ಓಡುತ್ತದೆ. ಮೊದಲ ಎರಡು ವರ್ಷ ಬ್ರಾಂಟನ್ ತಳ ಬಿಟ್ಟು ಏಳಲಿಲ್ಲ. ಆ ಎರಡು ವರ್ಷ ಮನೆಯಲ್ಲಿ ಒಂದೂ ನೆಟ್ಟಗಿರಲಿಲ್ಲ. ರಾಮಮೋಹನ್ ಇವನನ್ನು ದಾಟಿ ಪ್ರಮೋಷನ್ ಪಡೆದ. ವೇದವತಿ ಮೂರು ಸಲ ಬಚ್ಚಲಲ್ಲಿ ಜಾರಿ ಬಿದ್ದಳು. ಒಮ್ಮೆ ವಿಶಾಖಪಟ್ಣದಲ್ಲಿ, ಎರಡು ಸಲ ಇಲ್ಲಿ.

ಈ ವರ್ಷ ಎಲ್ಲ ಬದಲಾಯಿತು. ಬ್ರಾಂಟನ್ ಮೂವತ್ತೇಳು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ವೇದವತಿಗೂ ಆಟದ ಹುಚ್ಚು ಹಿಡಿಯಿತು. ಚಹಾ ತಂದಿಟ್ಟು, "ಎಷ್ಟಾತ್ರೀ?" ಎಂದು ಕೇಳುವಳು. ಶ್ರೀಪಾದನಿಗೆ ಅದು ಬಹಳ ಹಿಡಿಸಿತು. ಅವಳು ಬಚ್ಚಲಲ್ಲಿ ಬೀಳುವುದೂ ನಿಂತಿತು. ದುರ್ಗಮ್ಮನ ದಯೆ ಎಂದು ಶುಕ್ರವಾರ ಶುಕ್ರವಾರ ಇಂದ್ರಕೀಲಾದ್ರಿ ಬೆಟ್ಟ ಹತ್ತುತ್ತಿದ್ದಳು. ಜೊತೆಗೆ ರಾಮಮೋಹನನ ಹೆಂಡತಿ ರಾಜ್ಯಲಕ್ಷ್ಮಿ. ಗಂಡಸರ ಜಗಳ ಹೆಂಗಸರಿಗೆ ತಟ್ಟಿರಲಿಲ್ಲ.

ಉಳಿದದ್ದು ಈ ಕರೆಂಟಿನ ಕಾಟ ಒಂದೇ. ನಾಲ್ಕು ಮನೆಗಳ ಫ್ಯೂಸೂ ಮೆಟ್ಟಿಲ ಕೆಳಗಿನ ಒಂದೇ ಪೆಟ್ಟಿಗೆಯಲ್ಲಿದ್ದವು, ರಾಮಮೋಹನನ ಬಾಗಿಲ ಪಕ್ಕದಲ್ಲೇ. ಶ್ರೀಪಾದ ಇಳಿದು ನೋಡಿದವನಲ್ಲ. ಫ್ಯೂಸ್ ಮುಟ್ಟುವುದು ಹೆಲ್ಪರ್ ಕೆಲಸ. ಮೇಲೆ ನಿಂತು ಬೈಯುವುದಷ್ಟೇ ಅವನದು. ರಾಮಮೋಹನ್ ಎರಡನೇ ಪಾಳಿಯಲ್ಲಿದ್ದ ಸಂಜೆಗಳಲ್ಲೂ ಕರೆಂಟ್ ಹೋಗಿತ್ತು. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಯ ಪಂದ್ಯಕ್ಕೆ ಮುಂಚಿನ ಶನಿವಾರ, ಆಫೀಸರ್ಸ್ ಕ್ಲಬ್ಬಿನಲ್ಲಿ ಹತ್ತು ಜನರ ಮುಂದೆ ರಾಮಮೋಹನ್ ನಗುತ್ತ ಕೇಳಿದ. "ಏಮಂಡಿ ಶ್ರೀಪಾದಗಾರು, ನಿಮ್ಮ ಟೀಮ್ ಸೋಲೋ ಹೊತ್ತಿಗೇ ಕರೆಂಟ್ ಹೋಗುತ್ತಂತೆ?"

ಎಲ್ಲರೂ ನಕ್ಕರು. ಶ್ರೀಪಾದನೂ ನಕ್ಕ. ಮನೆಗೆ ಬಂದು ಟ್ರಂಕಿನಿಂದ ದೊಡ್ಡ ಬೀಗ ತೆಗೆದ.

ಭಾನುವಾರ ಮಧ್ಯಾಹ್ನ, ಮೇ ತಿಂಗಳ ಬಿಸಿಲು. ಮೊದಲ ಸಲ ತಾನೇ ಕೆಳಗಿಳಿದು ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿಕೊಂಡು ಬಂದ.

"ಬೀಗ ಯಾಕ್ರೀ?" ವೇದವತಿಯ ದನಿ ಸಣ್ಣದಾಗಿತ್ತು. "ಉಳಿದವರ ಫ್ಯೂಸೂ ಅಲ್ಲೇ ಅವ."

"ಒಂದ್ ತಾಸಿನಾಗ ಯಾರೂ ಸಾಯೂದಿಲ್ಲ. ನೀ ಚಹಾ ಮಾಡು."

ಡ್ರಾ ಆದರೂ ಸಾಕು, ಬ್ರಾಂಟನ್ ಮೂರನೇ ದರ್ಜೆಗೆ ಏರುತ್ತಿತ್ತು. ನಾಳೆ ಕ್ಲಬ್ಬಿನಲ್ಲಿ ರಾಮಮೋಹನನ ಮುಖಕ್ಕೆ ಹೇಳಬೇಕಾದ ಮಾತನ್ನು ಶ್ರೀಪಾದ ಆಗಲೇ ಸಿದ್ಧ ಮಾಡಿಕೊಂಡಿದ್ದ. ಅವನಿಗೆ ಬೇಕಿದ್ದದ್ದು ಅದಿಷ್ಟೇ.

ನಲವತ್ತನೆಯ ನಿಮಿಷಕ್ಕೆ ಎದುರಿನವರು ಗೋಲು ಹೊಡೆದರು.

"ಎಷ್ಟಾತ್ರೀ?"

ಶ್ರೀಪಾದ ಚಹಾದ ಲೋಟ ದೂರ ತಳ್ಳಿದ. ವೇದವತಿ ಹಿಂದಿನ ಬಾಲ್ಕನಿಗೆ ಹೋದಳು. ಬೆಳಿಗ್ಗೆಯೇ ಒಣಗಿ ಮಡಿಚಿಟ್ಟಿದ್ದ ಹಸಿರು ಟವೆಲನ್ನು ಬಿಡಿಸಿ, ಕೆಳಗಿನ ಅಡುಗೆಮನೆಯ ಕಿಟಕಿಗೆ ಕಾಣುವಷ್ಟು ಉದ್ದಕ್ಕೆ ಇಳಿಬಿಟ್ಟಳು.

ಐವತ್ತೈದು. ಎರಡನೇ ಗೋಲು. ಫ್ಯಾನ್ ತಿರುಗುತ್ತಿತ್ತು.

ಎಪ್ಪತ್ತು. ಮೂರನೆಯದು. ವೇದವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಫ್ಯಾನನ್ನೇ ನೋಡುತ್ತಿದ್ದಳು.

ತೊಂಬತ್ತು. ಕರೆಂಟ್ ಹೋಗಲಿಲ್ಲ. ಬ್ರಾಂಟನ್ ಸೋತಿತು.

ಶ್ರೀಪಾದ ನಿಧಾನವಾಗಿ ಎದ್ದ. ಬಾಲ್ಕನಿಯ ಬಾಗಿಲು ಹಾಕಿದ. ಕಿಟಕಿಗಳನ್ನೂ ಹಾಕಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

ಕೆಳಗೆ ಮೆಟ್ಟಿಲ ಅಡಿಯಲ್ಲಿ ರಾಜ್ಯಲಕ್ಷ್ಮಿ ಆ ಬೀಗವನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಳು. ಟವೆಲ್ ಕಂಡೊಡನೆ ಓಡಿ ಬಂದಿದ್ದಳು, ವರ್ಷವಿಡೀ ಬಂದಂತೆ. ಮೇಲೆ ಕುರ್ಚಿ ಉರುಳಿದ ಸದ್ದಾಯಿತು. ಅವಳು ಬೀಗ ಬಿಟ್ಟು ಕಿವಿ ಮುಚ್ಚಿಕೊಂಡಳು.

ಮರುದಿನ ಕಾಲನಿಯ ಆಸ್ಪತ್ರೆಯಲ್ಲಿ ವೇದವತಿ ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಬರೆಸಿದಳು, ಈ ವರ್ಷ ಮೊದಲನೆಯ ಸಲ.