ಹಿಂದಿನ ಕಾಲಿನ ಬೂಟು

"ಅಪ್ಪಾ, ಕಲ್ಲೊಳಗೆ ಕಾಲು ಸಿಕ್ಕಿಸ್ದಂಗಿದೆ," ಎಂದಳು ಕಲಿನಾ. ಮೆತ್ತನೆಯ ಬೂಟು ಬಿಟ್ಟು ಈ ಗಟ್ಟಿ ಪ್ಲಾಸ್ಟಿಕ್ ಬೂಟು ಹಾಕಿದ್ದು ಇದೇ ಮೊದಲು.

"ಯಾವೋರ್ ಒಂದಿನಾನೂ ಹಂಗಂದೋನಲ್ಲ. ಸುಮ್ನಿರು," ಎಂದು ಬೋಯಾನ್ ಅವಳ ಎಡ ಬೂಟಿನ ತಿರುಪು ಬಿಗಿದ. ಹೋದ ಚಳಿಗಾಲ ಇದೇ ಹಿಮದ ಇಳಿಜಾರಿನಲ್ಲಿ ಸತ್ತ ಮಗ ಯಾವೋರ್. ಬೂಟಿನ ಕತ್ತು ಮುಂದಕ್ಕೆ ಬಾಗಿತು.

ಅಷ್ಟು ಬಾಗಿಸುವುದು ಸ್ನೋಬೋರ್ಡ್ ಎಂಬ ಜಾರುಹಲಗೆಯ ಮೇಲೆ ಹಿಂದೆ ನಿಲ್ಲುವ ಕಾಲಿನ ಬೂಟನ್ನು. ಕಲಿನಾಳ ಎಡಗಾಲು ಮೊದಲಿನಿಂದಲೂ ಮುಂದೆ. ಎಡಗಾಲನ್ನು ಹಿಂದಿಡುತ್ತಿದ್ದವನು ಅಣ್ಣ ಯಾವೋರ್.

"ಅಪ್ಪಾ... ಅದು ನನ್ನ ಮುಂದಿನ ಕಾಲು."

ಬೋಯಾನನ ಕೈ ನಿಂತಿತು. ಸಡಿಲಿಸುತ್ತಾನೆಂದು ಅವಳು ಕಾದಳು. ಅವನು ತಲೆಯೆತ್ತದೆ ಇನ್ನೊಂದು ಸುತ್ತು ಬಿಗಿದ.

"ಇವತ್ತು ಬಲಗಾಲು ಮುಂದಿಡು, ಪುಟ್ಟಿ. ನಾನು ಕೆಳಗಿಂದ ನೋಡ್ತಿರ್ತೀನಿ."